ಆಕಾಶದಿಂದ ಕಂಡ ಗದ್ದೆ, ನಾನು ಬರೆದ ಸಾಲು

ಕಳೆದ ವಾರ ಪರೀಕ್ಷೆಯ ಕೆಲಸಕ್ಕೆಂದು ಹಿರೇಕೆರೂರಿಗೆ ಹೋದಾಗ ಬಸ್ ನಿಲ್ದಾಣದ ಎದುರು ಒಂದು ಹೊಸ ಫ್ಲೆಕ್ಸ್ ಕಂಡೆ. ಸಮುದ್ರದ ಪಕ್ಕ ನಿವೇಶನಗಳು ಮಾರಾಟಕ್ಕಿವೆ ಎಂಬ ಜಾಹೀರಾತು. ಆಕಾಶದಿಂದ ತೆಗೆದ ಚಿತ್ರ: ನದಿ ಕಡಲು ಸೇರುವ ಅಳಿವೆ, ತೆಂಗಿನ ಸಾಲು, ನಡುವೆ ಬಿಳಿಚಿದ ಬಯಲು. ಬಯಲಿನ ತುಂಬ ಕೆಂಪು ಗೆರೆ ಎಳೆದು ನಂಬರು ಹಾಕಿದ್ದರು. ಸವಣೂರಿನ ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ. ಆ ಚಿತ್ರ ತೆಗೆದವರು ಯಾರೆಂದು ನನಗೆ ಗೊತ್ತಿತ್ತು. ಆ ಬಯಲನ್ನು ಮೊದಲು ಪಾಳು ಎಂದು ಕರೆದದ್ದು ಯಾರೆಂದೂ ಗೊತ್ತಿತ್ತು.

ಸವಣೂರಿನಲ್ಲಿ ಆ ಚಿತ್ರ ತೆಗೆದವರನ್ನು ನಾವೆಲ್ಲ ಸ್ಟುಡಿಯೋ ಸಾಹೇಬರು ಎನ್ನುತ್ತಿದ್ದೆವು. ಮದುವೆ ಚಿತ್ರೀಕರಣಕ್ಕೆಂದು ಡ್ರೋನ್ ಕೊಂಡರು. ವರ್ಷದೊಳಗೆ ಅದು ಅವರನ್ನು ಘಟ್ಟ ಇಳಿಸಿತು. ಬಿಡುವಾದಾಗಲೆಲ್ಲ ಹಾನಗಲ್ಲು, ಶಿರಸಿ ದಾಟಿ ಕುಮಟಾ ಕಡೆ ಹೋಗಿ ದೀಪಸ್ತಂಭ, ಕೋಟೆ, ನಡುಗಡ್ಡೆಗಳ ಚಿತ್ರ ತೆಗೆದು ತರುತ್ತಿದ್ದರು. ಅವರದೊಂದು ಪದ್ಧತಿ ಇತ್ತು. ಯಾರ ಗದ್ದೆಯ ಮೇಲೆ, ಯಾರ ಅಂಗಳದ ಮೇಲೆ ಹಾರಿಸಬೇಕೋ ಅವರ ಹತ್ತಿರ ಮೊದಲು ನಡೆದು ಹೋಗಿ ಕೇಳುವುದು. ಅವರು ಹೇಳಿದ್ದನ್ನು ಚಿತ್ರದ ಹಿಂದೆ ಉರ್ದುವಿನಲ್ಲಿ ಬರೆದಿಡುವುದು. ‘ಮ್ಯಾಲ ಹಾರೂದು ಮಷೀನ್ರಿ. ಕೆಳಗಿನ ಸುದ್ದಿ ಅದಕ್ಕೇನ್ ಗೊತ್ತು?’ ಎನ್ನುತ್ತಿದ್ದರು.

ಆ ಚಿತ್ರಗಳದೊಂದು ಪುಸ್ತಕವಾಗುವುದೆಂದು ಗೊತ್ತಾದಾಗ ಪ್ರತಿ ಚಿತ್ರದ ಕೆಳಗೆ ಒಂದು ಸಾಲು ಬರೆಯಲು ನನ್ನನ್ನು ಕೇಳಿದರು. ನಾನು ಧಾರವಾಡದಲ್ಲಿ ಎಂ.ಎ. ಮಾಡಿದವಳು, ಶಿಗ್ಗಾಂವಿಯ ಕಾಲೇಜಿನಲ್ಲಿ ಪಾಠ ಹೇಳುವವಳು. ನನ್ನ ಹೆಸರು ಹಾಕುವುದು ಬೇಡ ಎಂದು ದೊಡ್ಡಸ್ತಿಕೆಯಿಂದ ಹೇಳಿದೆ. ಚಿತ್ರಗಳ ಕಟ್ಟು ಕೊಡುವಾಗ ‘ಅಕ್ಕೋರ, ಹಿಂದ ಬರದೇನಿ, ಓದಿಸ್ಕೊಂಡು ಬರೀರಿ’ ಎಂದರು. ಎಂದರೇ? ನನ್ನ ದಿನಚರಿಯಲ್ಲಿ ಆ ದಿನ ‘ಫೋಟೊ ಬಂದವು’ ಎಂದಷ್ಟೇ ಇದೆ. ಅವರು ನಿಜವಾಗಿ ಹೇಳಿದ ಮಾತೋ, ನನ್ನನ್ನು ಶಿಕ್ಷಿಸಿಕೊಳ್ಳಲು ಆಮೇಲೆ ನಾನೇ ಸೇರಿಸಿಕೊಂಡದ್ದೋ... ಹೇಳಲಾರೆ. ಉರ್ದು ನನಗೆ ಬಾರದು. ಆದರೆ ಸವಣೂರಿನಲ್ಲಿ ಉರ್ದು ಓದುವವರಿಗೇನು ಬರ? ಪಕ್ಕದ ಮನೆಯ ಬಾಗಿಲು ತಟ್ಟಿದ್ದರೆ ಸಾಕಿತ್ತು. ತಟ್ಟಲಿಲ್ಲ.

ಒಂದು ಚಿತ್ರದಲ್ಲಿ ನೆಲದ ಮೇಲೆ ಉಪ್ಪಿನ ಪದರು ಬೆಳ್ಳಗೆ ಕಾಣುತ್ತಿತ್ತು. ನಮ್ಮ ಕಡೆ ಎರೆ ಹೊಲದಲ್ಲಿ ಹಾಗೆ ಉಪ್ಪು ಎದ್ದರೆ ಸವಳು ಹಿಡಿಯಿತು ಎನ್ನುತ್ತೇವೆ. ಅಲ್ಲಿಗೆ ಆ ಹೊಲದ ಕಥೆ ಮುಗಿಯಿತು. ಹಿಂದುಮುಂದು ನೋಡದೆ ಬರೆದೆ: ‘ಸವಳು ಹಿಡಿದು ಪಾಳುಬಿದ್ದ ಭೂಮಿ.’ ಅದು ಗಜನಿ ಗದ್ದೆ. ಉಬ್ಬರದ ಉಪ್ಪುನೀರು ಬಂದುಹೋಗುವ ಆ ನೆಲದಲ್ಲಿ ಮಳೆಗಾಲಕ್ಕೆ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ, ಆಮೇಲೆ ಮೀನು, ಸೀಗಡಿ ಹಿಡಿಯುತ್ತಾರೆ. ಬೇಸಿಗೆಯಲ್ಲಷ್ಟೇ ಅದು ಹಾಗೆ ಬೆಳ್ಳಗಿರುತ್ತದೆ. ಇದೆಲ್ಲ ಚಿತ್ರದ ಹಿಂದೆ ಇತ್ತು.

ಪುಸ್ತಕ ಹೊರಬಂದದ್ದೇ ನಿವೇಶನದ ವ್ಯಾಪಾರದವರು ಆ ಪುಟ ಹಿಡಿದುಕೊಂಡು, ಪೇಟೆ ಸೇರಿದ್ದ ಗದ್ದೆಯ ಪಾಲುದಾರರ ಮನೆಮನೆ ತಿರುಗಿದರು. ಅಷ್ಟೂ ಗದ್ದೆಗೆ ಉಪ್ಪುನೀರು ತಡೆಯುವುದು ಒಂದೇ ಕಟ್ಟೆ, ಎಲ್ಲರೂ ಸೇರಿ ಕಾಯಬೇಕಾದದ್ದು. ಅರ್ಧ ಜನ ಮಾರಿದರೆ ಉಳಿದವರ ಗದ್ದೆಯೂ ಹೋದಂತೆ. ಸಾಹೇಬರಿಗೆ ಗದ್ದೆ ತೋರಿಸಿ, ಗಂಜಿ ಹಾಕಿ ಕಳಿಸಿದ್ದ ಅಜ್ಜಿಯೊಬ್ಬಳ ಪಾಲೂ ಅದರಲ್ಲಿತ್ತು. ಆಕೆ ಫೋನ್ ಮಾಡಿ ಸಾಹೇಬರನ್ನು ಬಾಯಿಗೆ ಬಂದಂತೆ ಬೈದಳಂತೆ.

ಅವರು ನೇರ ನನ್ನ ಮನೆಗೆ ಬಂದರು. ಚಪ್ಪಲಿ ಬಿಡಲಿಲ್ಲ, ಹೊಸ್ತಿಲಲ್ಲೇ ನಿಂತರು.

‘ಅಕ್ಕೋರ, ನೀವು ಸಮುದ್ರ ನೋಡೀರೇನು?’

‘ನಾಕೈದು ಸಲ ನೋಡೇನ್ರಿ.’

‘ಟೂರಿನ ಬಸ್ಸಿನ್ಯಾಗ ಕುಂತು ನೋಡಿರಬೇಕು. ನಿಮಗಿಂತ ನನ್ನ ಮಷೀನ ಪಾಡ ಬಿಡ್ರಿ. ತಿಳೀದಿದ್ರ ಬಾಯಿ ಮುಚ್ಕೊಂಡರ ಇರ್ತದ.’

ಮುಂದಿನ ಐತವಾರ ಅಜ್ಜಿಯ ಊರಿನಲ್ಲಿ ಪಾಲುದಾರರ ಸಭೆ ಇತ್ತು. ತಪ್ಪು ನನ್ನದೆಂದು ಬರೆದು ಸಹಿ ಮಾಡಿ ಕೊಟ್ಟರೆ ತಾವೇ ಒಯ್ದು ಅಲ್ಲಿ ಓದುವುದಾಗಿ ಹೇಳಿದರು. ‘ನಾಳೆ ಕೊಡ್ತೇನ್ರಿ’ ಎಂದೆ. ಮೂರು ಸಲ ಬರೆದೆ. ಮೊದಲನೆಯದರಲ್ಲಿ ‘ನನ್ನ ತಪ್ಪು’ ಎಂದಿತ್ತು, ಎರಡನೆಯದರಲ್ಲಿ ‘ಮಾಹಿತಿಯ ಕೊರತೆ’, ಮೂರನೆಯದರಲ್ಲಿ ತಪ್ಪೇ ಇರಲಿಲ್ಲ. ಮೂರನ್ನೂ ಹರಿದೆ. ಕಾಲೇಜಿನವರಿಗೆ ಗೊತ್ತಾದರೆ ಏನೆಂದಾರು ಎಂಬ ಅಂಜಿಕೆ, ಅಷ್ಟೇ. ಅದಕ್ಕಿಂತ ದೊಡ್ಡ ಕಾರಣವನ್ನು ಎಷ್ಟೋ ಸಲ ಹುಡುಕಿದ್ದೇನೆ, ಸಿಕ್ಕಿಲ್ಲ. ಶನಿವಾರ ಅವರು ಬಂದಾಗ ಒಳಗೇ ಇದ್ದುಕೊಂಡು ಮನೆಯಲ್ಲಿಲ್ಲ ಎಂದು ಹೇಳಿಸಿದೆ. ಅವರು ಬರಿಗೈಯಲ್ಲಿ ಘಟ್ಟ ಇಳಿದರು.

ಹೆಚ್ಚಿನವರು ಮಾರಲು ಒಪ್ಪಿದರು ಎಂಬುದಷ್ಟೇ ನನ್ನ ಕಿವಿಗೆ ಬಿತ್ತು. ಮರುವರ್ಷ ಕಟ್ಟೆ ಒಡೆಯಿತಂತೆ, ಯಾರೂ ಕಟ್ಟಲಿಲ್ಲವಂತೆ. ಅದಾಗಿ ಸ್ವಲ್ಪ ದಿನಕ್ಕೆ ಸಾಹೇಬರು ಸ್ಟುಡಿಯೋದಲ್ಲೇ ಎದೆನೋವು ಬಂದು ತೀರಿಕೊಂಡರು. ನಡುವೆ ನಾವು ಒಂದು ಮಾತೂ ಆಡಿರಲಿಲ್ಲ...

ಫ್ಲೆಕ್ಸ್ ನೋಡಿದ ಮೂರನೇ ದಿನ ಆ ಊರಿಗೆ ಹೋದೆ. ಗದ್ದೆಯಲ್ಲಿ ಸಾಲಾಗಿ ಕಲ್ಲು ನೆಟ್ಟಿದ್ದರು. ಅಜ್ಜಿಯ ಮನೆ ಕೇಳಿಕೊಂಡು ಹೋದೆ. ಸವಣೂರಿನವಳು ಎಂದ ಕೂಡಲೇ ‘ಆ ಸಾಯ್ಬ ಹ್ಯಾಂಗಿದ್ದಾನೆ?’ ಎಂದಳು. ತೀರಿಕೊಂಡರು ಎಂದೆ. ಆಕೆ ಜಗುಲಿಯ ಮೇಲೆ ಕೂತುಬಿಟ್ಟಳು.

‘ಪಾಳು ಅಂತ ಬರ್ದ ಕೈಗೆ ಹುಳ ಬೀಳ್ಲಿ ಅಂದಿದ್ದೆ ಅವನಿಗೆ.’

‘ಅದನ್ನು ಬರೆದದ್ದು ನಾನು ಅಜ್ಜಿ.’

‘ನೀನಾ? ತಾನೇ ಬರ್ದೆ ಅಂದ್ನಲ್ಲ ಅವ! ಸಭೆಲೂ ಅದನ್ನೇ ಅಂದ. ನಾನೇ ಬರ್ದೆ, ತಪ್ಪು ಬರ್ದೆ ಅಂತ ಕೈ ಮುಗ್ದ. ಅವತ್ತು ಬರ್ದದ್ದು ಸುಳ್ಳಾ, ಇವತ್ತು ಹೇಳೂದು ಸುಳ್ಳಾ ಅಂತ ಎಲ್ಲಾ ನಗಾಡಿದ್ರು.’

ನನ್ನ ಸಹಿಯ ಒಂದು ಕಾಗದ ಅಲ್ಲಿದ್ದಿದ್ದರೆ ಯಾರೂ ನಗುತ್ತಿರಲಿಲ್ಲ. ನಿವೇಶನದವರ ಮೇಲಿನ ಸಿಟ್ಟು ನನಗೆ ಹಳೆಯದು. ನನ್ನ ಮೇಲಿನದೂ ಹಳೆಯದೇ. ಆ ಜಗುಲಿಯ ಮುಂದೆ ನಿಂತಾಗ ಸಾಹೇಬರ ಮೇಲೂ ಸಿಟ್ಟು ಬಂತು. ನನ್ನ ಹೆಸರು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಈಗ ಕೇಳುವುದಾದರೂ ಯಾರನ್ನು...

‘ನನಗೆ ಬೈಯಿರಿ’ ಎಂದೆ ಅಜ್ಜಿಗೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

‘ಅವ ನನ್ನ ಮನೇಲಿ ಉಂಡವ, ಅವನಿಗೆ ಬೈದೆ. ನೀ ಯಾರು ನಂಗೆ?’ ಎಂದು ಒಳಗೆ ಹೋದಳು.