ಲೇತ್ ಪರೀಕ್ಷೆಗೆ ಅಪ್ಪನ ಕೈ

2008ರಲ್ಲಿ ನಾನು ಪೀಣ್ಯದ ಹತ್ತಿರ ಒಂದು ಪಾಲಿಟೆಕ್ನಿಕ್‌ನಲ್ಲಿ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಆಗಿದ್ದೆ. ಲೇತ್ ಅಂದರೆ ಕಬ್ಬಿಣದ ಸರಳನ್ನು ಗರಗರ ತಿರುಗಿಸಿ, ಟೂಲ್‌ನಿಂದ ಹೆರೆದು ಅಳತೆಗೆ ತರುವ ಯಂತ್ರ. ಹಾಗೆ ತಯಾರಾದ ತುಂಡಿಗೆ ನಾವು ‘ಜಾಬ್’ ಅನ್ನುತ್ತೇವೆ.

ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದ ರೇಣುಕಾ ಅರ್ಧ ಆಗಿದ್ದ ಜಾಬನ್ನು ಮನೆಗೆ ಒಯ್ದು, ಸೋಮವಾರ ಪೂರ್ತಿ ಮಾಡಿ ತಂದಳು. ಮುಖ ನೋಡಿಕೊಳ್ಳುವಷ್ಟು ಹೊಳಪು! ನಮ್ಮ ಹಳೇ ಲೇತ್‌ನ ಜನ್ಮದಲ್ಲಿ ಅಂಥದ್ದು ಬಂದಿರಲಿಲ್ಲ. ಗದರುವ ಮೊದಲೇ ಒಪ್ಪಿಕೊಂಡಳು: ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದ ಅಪ್ಪ ಮಾಡಿಕೊಟ್ಟದ್ದು. ಹಿಂದಿನ ಎರಡು ಜಾಬ್‌ಗಳೂ ಅವರದೇ, ನಾನು ಶಹಬ್ಬಾಸ್ ಅಂದು ಸಹಿ ಹಾಕಿದ್ದವು. ಸಿಟ್ಟು ನೆತ್ತಿಗೇರಿತು. ಪ್ರಾಕ್ಟಿಕಲ್ ಪರೀಕ್ಷೆಗೆ ಒಂಬತ್ತೇ ದಿನ. ಹೊರಗಿನ ಎಕ್ಸಾಮಿನರ್ ಎದುರು ಜಾಬ್ ಮಾಡಿ ತೋರಿಸಬೇಕು. ಹುಡುಗಿಗೆ ಟೂಲ್ ಕಟ್ಟಲೂ ಸರಿಯಾಗಿ ಬಾರದು. ಫೇಲಾದರೆ ಒಂದು ವರ್ಷ ಮಣ್ಣುಪಾಲು.

ಅಪ್ಪನನ್ನು ಕರೆಸಿದೆ. ಬಿಜಾಪುರದ ಕಡೆಯ ಮಲ್ಲಪ್ಪ. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಅಂದರು: “ಆಕಿ ಮಷೀನ್ ಮುಂದ ನಿಂತ್ರ ನನಗ ಕೈಕಾಲು ಆಡಂಗಿಲ್ರೀ ಸರ. ಹೆರಳು ಸಿಕ್ಕೊಂಡ್ರ ಏನ್ ಗತಿ?”

ಹೆರಳಿಗೆ ಟೋಪಿ ಇದೆ, ಕಲಿಯದ ಕೈಗೆ ಏನಿದೆ ಅಂತ ಕೇಳಿದೆ. ಶನಿವಾರ ಮಧ್ಯಾಹ್ನ ಅಭ್ಯಾಸಕ್ಕೆಂದು ಇಬ್ಬರನ್ನೂ ಬರಹೇಳಿದೆ. ಮಲ್ಲಪ್ಪನವರಿಗೆ ಒಂದೇ ಷರತ್ತು, ಕೈ ಬೆನ್ನ ಹಿಂದೆ ಇರಬೇಕು.

ರೇಣುಕಾ ಹೆರಳನ್ನು ಟೋಪಿಯೊಳಗೆ ಸೇರಿಸಿ ಶುರು ಮಾಡಿದಳು. ಮೊದಲ ಜಾಬ್ ಕೆಟ್ಟಿತು. ಎರಡನೆಯದರಲ್ಲಿ ಟೂಲ್ ಮುರಿಯಿತು. ಮಲ್ಲಪ್ಪನವರ ಕೈ ಹ್ಯಾಂಡಲ್‌ಗೆ ಬಂದೇಬಿಟ್ಟಿತು. ಏನು ಹೇಳಲಿ, ಜೊತೆಗೆ ನನ್ನದೂ. ಅವಳು ಮಷೀನ್ ಆಫ್ ಮಾಡಿ ಮೆಲ್ಲಗೆ ಅಂದಳು: “ಅಪ್ಪಾ, ನೀವೂ ಸರೂ ಚಾ ಕುಡದು ಬರ್ರಿ. ತಿಳೀದಿದ್ರ ನಾನ ಬಂದು ಕೇಳ್ತೀನಿ.”

ಲ್ಯಾಬ್ ಅಟೆಂಡರನ್ನು ಅವಳ ಬಳಿ ಬಿಟ್ಟು, ಗೇಟಿನಾಚೆಯ ಅಂಗಡಿಯಲ್ಲಿ ಕೂತೆವು. ಮಲ್ಲಪ್ಪನವರ ಕಿವಿ ಲೇತ್ ಸದ್ದಿನ ಕಡೆಗೇ. ಎರಡು ಸಲ ಎದ್ದರು, ಎರಡು ಸಲ ಕೂತರು. ಮುಕ್ಕಾಲು ಗಂಟೆಯ ಮೇಲೆ ಅವಳೇ ಬಂದು ಟೇಪರ್, ಅಂದರೆ ತುದಿ ಸಣ್ಣಗಾಗುವಂತೆ ಹೆರೆಯುವ ಕೋನದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದಳು. ಅಪ್ಪ ಕೂತಲ್ಲಿಂದಲೇ ಬಾಯಲ್ಲಿ ಹೇಳಿಕೊಟ್ಟರು. ಮೂರನೇ ಜಾಬ್ ಅಳತೆಗೆ ಬಂತು.

ಪರೀಕ್ಷೆಯ ದಿನದ ಜಾಬ್ ಮೇಲೆ ಟೂಲಿನ ಗೀರು ಎದ್ದು ಕಾಣುತ್ತಿತ್ತು, ಆದರೂ ಪಾಸಾದಳು. ಅಬ್ಬಾ, ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

‘ಕೊಡಿಲ್ಲಿ’ ಅಂತ ಮಕ್ಕಳ ಕೈಯಿಂದ ಹ್ಯಾಂಡಲ್ ಕಿತ್ತುಕೊಂಡೇ ಇಪ್ಪತ್ತು ವರ್ಷ ಪಾಠ ಮಾಡಿದವನು ನಾನು. ಮಲ್ಲಪ್ಪನವರನ್ನು ಬೈಯುವ ಯೋಗ್ಯತೆ ನನಗೆಲ್ಲಿತ್ತು? ಆಮೇಲೆ ನಿವೃತ್ತಿಯವರೆಗೂ, ಕೈ ತುರಿಸಿದಾಗಲೆಲ್ಲ ಅದೇ ಅಂಗಡಿಗೆ ಹೋಗಿ ಕೂತೆ. ಮಕ್ಕಳು ಬಂದು ಕೇಳುವಷ್ಟು ಹತ್ತಿರವೇ ಇತ್ತು ಅದು.