ಟೈರು ಕೋಣೆಯ ಕಂಡಕ್ಟರಕ್ಕ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಬಸ್ ಡಿಪೋದ ಹಳೇ ಟೈರು ಕೋಣೆಯ ಮುಂದೆ ಆಗಲೇ ಜನ ಕಾದಿದ್ದಾರೆ: ಬಸ್ಸು ತೊಳೆಯುವ ಹೆಂಗಸು, ರಾತ್ರಿ ಪಾಳಿ ಮುಗಿಸಿದ ಕಾವಲುಗಾರ, ಅಂಗಿಯ ಗುಂಡಿ ತಿರುವುತ್ತ ನಿಂತ ಒಬ್ಬ ಡ್ರೈವರ್. ಒಳಗೆ ಕಂಡಕ್ಟರಕ್ಕ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಓರೆಯಾಗಿ ಹಾಕುತ್ತಿದ್ದಾರೆ. ಎದುರುಬದುರು ಹಾಕಿದರೆ ವಿಚಾರಣೆಗೆ ಕರೆದ ಹಾಗಿರುತ್ತದಂತೆ!

ಇದು ಮನಸ್ಸಿನ ಚಿಕಿತ್ಸೆಯ ಕೋಣೆ ಅಂದರೆ ನೀವು ನಂಬುತ್ತೀರೋ ಇಲ್ಲವೋ, ನಾನಂತೂ ಮೊದಲು ನಂಬಲಿಲ್ಲ. ಇಲ್ಲಿ ಫೀಸಿನ ಹಲಗೆ ಇಲ್ಲ. ಕೈಲಾದವರು ಡಬ್ಬಿಗೆ ಹಾಕುತ್ತಾರೆ, ಆಗದವರನ್ನು ಯಾರೂ ಕೇಳುವುದಿಲ್ಲ. ದೊಡ್ಡ ಆಸ್ಪತ್ರೆಯ ಬಾಗಿಲು ಹತ್ತಲು ಹಿಂಜರಿಯುವವರು ಇಲ್ಲಿಗೆ ಚಪ್ಪಲಿ ಬಿಟ್ಟು ನೇರ ಬಂದು ಕೂರುತ್ತಾರೆ.

ಅಕ್ಕ ಇಪ್ಪತ್ತು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. "ನಮ್ಮ ಯಜಮಾನ್ರು ತೀರ್ಕೊಂಡಾಗ ವರ್ಷಗಟ್ಟಲೆ ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ. ದಿನಾ ಅಷ್ಟೊಂದು ಜನರ ಮಧ್ಯೆ ನಿಂತಿರ್ತಿದ್ದೆ, ಹೇಳ್ಕೊಳ್ಳೋಕೆ ಒಬ್ರೂ ಸಿಗ್ಲಿಲ್ಲ" ಅನ್ನುತ್ತಾರೆ. ಮಂಡಿ ಕೈಕೊಟ್ಟು ಕೆಲಸ ಬಿಟ್ಟ ಮೇಲೆ, ಬಡಾವಣೆಯ ಮನೋವೈದ್ಯೆಯೊಬ್ಬರು ಸಾಮಾನ್ಯ ಜನರಿಗೇ ಆಪ್ತಸಮಾಲೋಚನೆಯ ತರಬೇತಿ ಕೊಡುತ್ತಾರೆಂದು ಕೇಳಿ ಹೋಗಿ ಸೇರಿಕೊಂಡರು. ಈಗಲೂ ವಾರಕ್ಕೊಮ್ಮೆ ಆ ಡಾಕ್ಟರಮ್ಮನ ಮುಂದೆ ಎಲ್ಲ ವರದಿ ಒಪ್ಪಿಸುತ್ತಾರೆ. ಔಷಧಿ ಬೇಕೆನಿಸಿದವರನ್ನು ತಾವೇ ಅಲ್ಲಿಗೆ ಕರೆದೊಯ್ಯುತ್ತಾರೆ.

ಶುರುವಿನಲ್ಲಿ ಎಡವಟ್ಟು ಮಾಡದೆ ಇರಲಿಲ್ಲ. ಮಾತಾಡುತ್ತಿದ್ದವರು ಒಂದು ಕ್ಷಣ ತಡೆದರೆ ಸಾಕು, ಬಸ್ಸಿನ ಬಾಗಿಲಲ್ಲಿ ಜೋತಾಡುವವರನ್ನು ಒಳಗೆ ದೂಡುವ ಅಭ್ಯಾಸದಲ್ಲಿ "ಹೂಂ, ಬೇಗ ಬೇಗ, ಆಮೇಲೇನಾಯ್ತು?" ಅಂದುಬಿಡುತ್ತಿದ್ದರು. ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಅರ್ಧಕ್ಕೇ ಎದ್ದು ಹೋದಳು. "ಅವತ್ತು ನಂಗೆ ಊಟ ಸೇರ್ಲಿಲ್ಲ. ಅವಳ ಮನೆಗೇ ಹೋಗಿ, ತಪ್ಪಾಯ್ತು ಕಣವ್ವಾ ಅಂದೆ. ಕಾಯೋದು ಕಲಿಯೋಕೇ ಎಲ್ಲಕ್ಕಿಂತ ಕಷ್ಟ ಆಯ್ತು."

ಇವತ್ತು ಪತ್ರಿಕೆಗೆ ಬರೆಯಲೆಂದು ನಾನು ಬಂದಿರುವುದು ಗುಂಡಿ ತಿರುವುತ್ತ ನಿಂತ ಆ ಡ್ರೈವರಿಗಾಗಿ. ಕೆಲವು ತಿಂಗಳ ಹಿಂದೆ ಒಬ್ಬ ಶಾಲೆ ಹುಡುಗಿ ಅವರ ಬಸ್ಸಿನ ಮುಂದೆ ಜಾರಿ ಬಿದ್ದಿದ್ದಳು. ಹುಡುಗಿಗೆ ಏನೂ ಆಗಲಿಲ್ಲ. ಇವರಿಗೆ ಮಾತ್ರ ಆಮೇಲೆ ಬಸ್ಸು ಓಡಿಸಲು ಆಗಲೇ ಇಲ್ಲ. ಅಕ್ಕನ ಜೊತೆ ಮೊದಲು ಬಸ್ಸಿನ ಪಕ್ಕ ನಿಲ್ಲುವುದು, ಆಮೇಲೆ ಸೀಟಿನಲ್ಲಿ ಸುಮ್ಮನೆ ಕೂರುವುದು, ಆಮೇಲೆ ಎಂಜಿನ್ ಚಾಲೂ ಮಾಡುವುದು, ಹೀಗೆ ಒಂದೊಂದೇ ಅಭ್ಯಾಸ ಮಾಡಿದ್ದಾರೆ. ಈ ದಿನ ಡಿಪೋ ಮ್ಯಾನೇಜರ್ ಮುಂದೆ ಪರೀಕ್ಷೆಗೆ ರಸ್ತೆಗಿಳಿಯಬೇಕು. ಆಗದಿದ್ದರೆ ಸ್ಟೀರಿಂಗ್ ಶಾಶ್ವತವಾಗಿ ಕೈತಪ್ಪುತ್ತದೆ. "ಹೆಸರೊಂದು ಬೇಡ, ಮಿಕ್ಕಿದ್ದೆಲ್ಲ ಬರೀರಿ. ನನ್ನಂಥೋರು ಇನ್ನೂ ಇರ್ತಾರೆ" ಎಂದು ಅವರೇ ನನ್ನನ್ನು ಬಸ್ಸು ಹತ್ತಿಸಿಕೊಂಡರು.

ಖಾಲಿ ಬಸ್ಸು. ಡ್ರೈವರ್ ಪಕ್ಕದಲ್ಲಿ ಮ್ಯಾನೇಜರ್, ಹಿಂದೆ ಅಕ್ಕ, ಅವರ ಹಿಂದೆ ಕಂಬಿ ಹಿಡಿದು ಕೂತ ನಾನು. ಎಂಜಿನ್ ಗುರುಗುಟ್ಟುತ್ತಿದೆ.

"ಅಕ್ಕಾ, ಬೆಲ್ ಹೊಡೀರಿ, ಹೊರಡ್ತೀನಿ."

"ನಾನ್ ಹೊಡೆಯಲ್ಲಪ್ಪ. ನಿಮಗೆ ಅನ್ಸಿದಾಗ ಹೊರಡಿ."

ಮ್ಯಾನೇಜರ್ ಗಡಿಯಾರ ನೋಡುತ್ತಾರೆ. ಅಕ್ಕ ಅಲ್ಲಾಡುವುದಿಲ್ಲ. ಅಷ್ಟರಲ್ಲಿ, ಅಬ್ಬಾ, ಬಸ್ಸು ಮುಂದೆ ಸರಿಯುತ್ತದೆ! ಗೇಟು ದಾಟುತ್ತದೆ. ಶಾಲೆಯ ಬೀದಿಯಲ್ಲಿ ಮಕ್ಕಳು ರಸ್ತೆ ದಾಟಲು ನಿಂತಿದ್ದಾರೆ. ಡ್ರೈವರ್ ಮೆತ್ತಗೆ ಬ್ರೇಕು ಒತ್ತುತ್ತಾರೆ, ಎಲ್ಲರೂ ದಾಟುವವರೆಗೆ ಜೋರಾಗಿ ಉಸಿರೆಳೆದು ಬಿಡುತ್ತಾರೆ, ಮತ್ತೆ ಗೇರು ಹಾಕುತ್ತಾರೆ. ನನಗಂತೂ ಎದ್ದು ಕುಣಿಯುವಷ್ಟು ಖುಷಿ.

ಡಿಪೋಗೆ ಮರಳಿದ ಮೇಲೆ ಡ್ರೈವರ್ ನಲ್ಲಿಗೆ ತಲೆಯೊಡ್ಡಿ ಅಳುತ್ತಾ ನಗುತ್ತಾರೆ. "ಸೋಮವಾರದಿಂದ ಡ್ಯೂಟಿಗೆ ಬನ್ನಿ" ಎನ್ನುತ್ತಾರೆ ಮ್ಯಾನೇಜರ್.

ಅಕ್ಕ ಆಗಲೇ ಬಸ್ಸು ತೊಳೆಯುವ ಹೆಂಗಸನ್ನು ಒಳಗೆ ಕರೆಯುತ್ತಿದ್ದಾರೆ. ನಿಮಗೇನಾದರೂ ಆಸೆ ಇದೆಯಾ ಎಂದು ಅಕ್ಕನನ್ನು ಬಾಗಿಲಲ್ಲೇ ಕೇಳುತ್ತೇನೆ. ಡ್ರೈವರ್ ಕಡೆ ನೋಡಿ ಅವರಿಗೂ ಕೇಳಿಸುವ ಹಾಗೆ ಹೇಳುತ್ತಾರೆ:

"ಸೋಮವಾರ ಇವ್ರ ಬಸ್ಸಲ್ಲಿ ಟಿಕೆಟ್ ತಗೊಂಡು ಕಿಟಕಿ ಪಕ್ಕ ಕೂತ್ಕೋಬೇಕು. ಕೂತು, ಕೊನೇ ಸ್ಟಾಪ್ ಬರೋ ತನಕ ಗೊರಕೆ ಹೊಡೀಬೇಕು ನೋಡಿ!"