ಅವ್ವ, ಚಿಕ್ಕಮ್ಮ ಮತ್ತು ಹೊಸ ಟವರ್

ಸ್ನೇಹಿತರೇ, ಸಾವನದುರ್ಗದ ಪಕ್ಕದ ನಮ್ಮೂರಲ್ಲಿ ಇವತ್ತು ಹೊಸ ಮೊಬೈಲ್ ಟವರ್ ಶುರುವಾಯ್ತು. ನಮ್ಮವ್ವ ಯುಗಾದಿಯಿಂದ ದೊಡ್ಡಮಳೂರಿನ ಚಿಕ್ಕಮ್ಮನ ಜೊತೆ ಮಾತು ಬಿಟ್ಟಿದ್ದಳು. ಜಗಳದ ಮಧ್ಯೆ ಚಿಕ್ಕಮ್ಮ ಸಿಟ್ಟಲ್ಲಿ ಫೋನ್ ಕಟ್ ಮಾಡಿದಳು ಅಂತ ಅವ್ವನ ದೂರು. ನಾನೇ ವಿಡಿಯೋ ಕಾಲ್ ಮಾಡಿ ಅವ್ವನ ಕೈಗೆ ಕೊಟ್ಟೆ.

"ಅವತ್ತು ಯಾಕೆ ಕಟ್ ಮಾಡ್ದೆ?" ಅಂತ ಅವ್ವ ಗುಡುಗಿದಳು.

"ನಾನೆಲ್ಲಿ ಮಾಡ್ದೆ? ನೀನೇ ಕಟ್ ಮಾಡ್ಬುಟ್ಟೆ ಅಂತ ಎಷ್ಟು ಅತ್ತೆ ಗೊತ್ತಾ ಅಕ್ಕ!"

ಕಟ್ ಆಗಿದ್ದು ನೆಟ್‌ವರ್ಕ್ ಅಂತ ಇಬ್ಬರಿಗೂ ಆಗ ಹೊಳೀತು. ಅವ್ವ ಕಣ್ಣೊರೆಸಿಕೊಂಡು, "ಯಾಕಿಂಗೆ ಸೊರಗಿದ್ದೀಯೆ? ನಾಳೆ ಬಾ, ಬಸ್ಸಾರು ಮಾಡ್ತೀನಿ" ಅಂದಳು.

ಆಮೇಲೆ ಅವತ್ತಿನ ಜಗಳದ ಉಳಿದ ಅರ್ಧ ಶುರುವಾಯ್ತು. ಒಂದು ಸಲವೂ ಲೈನ್ ಕಟ್ ಆಗಲಿಲ್ಲ.

"ಮುಂದೆ ಇನ್ನೂ ಒಳ್ಳೆ ನೆಟ್‌ವರ್ಕ್ ಬತ್ತದಂತೆ" ಅಂತ ಪಕ್ಕದಲ್ಲೇ ಜಗಳ ಕೇಳ್ತಾ ಕೂತಿದ್ದ ಅಪ್ಪನಿಗೆ ಹೇಳಿದೆ. ಅಪ್ಪ ಟವೆಲ್ ಹೆಗಲಿಗೆ ಹಾಕ್ಕೊಂಡು ತೋಟಕ್ಕೆ ಹೊರಟರು.